ನುಂಗಲು ಕಷ್ಟವಾದವರಿಗೆ ಯಾವ ಗಂಜಿ?

ಯಾರಿಗೆ ಹುಷಾರಿಲ್ಲದಿದ್ದರೂ ನಮ್ಮ ಮನೆಗಳಲ್ಲಿ ಮೊದಲು ಒಲೆಗೇರುವುದು ಗಂಜಿ. ಜ್ವರ ಬಂದರೆ ಗಂಜಿ, ಹೊಟ್ಟೆ ಕೆಟ್ಟರೆ ಗಂಜಿ. ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಹಿರಿಯರಿಗೂ ಅದೇ. ಆದರೆ ಇಂಥವರಲ್ಲಿ ಕೆಲವರಿಗೆ ಗಂಜಿಯೇ ಅಪಾಯ ತರುವುದುಂಟು.

ಸ್ಟ್ರೋಕ್ ಅಥವಾ ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟಲಿನ ಸ್ನಾಯುಗಳು ನಿಧಾನವಾಗುತ್ತವೆ. ನೀರು, ಚಹಾ ಬೇಗ ಜಾರಿ ಹೋಗುತ್ತವೆ. ಶ್ವಾಸನಾಳ ಮುಚ್ಚುವುದರೊಳಗೆ ಅದು ಒಳಗಿಳಿದರೆ ನಾವು 'ನೆತ್ತಿಗೇರಿತು' ಅನ್ನುತ್ತೇವೆ. ಹೋದದ್ದು ನೆತ್ತಿಗಲ್ಲ, ಶ್ವಾಸಕೋಶದ ಕಡೆಗೆ. ಇದರಿಂದ ನ್ಯುಮೋನಿಯಾ ಬರಬಹುದು. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಪಾನೀಯವನ್ನು ದಪ್ಪ ಮಾಡಿ ಕೊಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಗಂಜಿ ದಪ್ಪವೇ ತಾನೆ ಎಂದು ಕೇಳಬಹುದು. ಬಟ್ಟಲು ನೋಡಿ: ಮೇಲೆ ತೆಳು ತಿಳಿ, ಕೆಳಗೆ ಅನ್ನದ ಅಗುಳು. ಅಗುಳನ್ನು ನಾಲಿಗೆ ಹಿಡಿದಿಡುವಷ್ಟರಲ್ಲಿ ತಿಳಿ ಗಂಟಲಿಗೆ ಇಳಿದಾಗಿರುತ್ತದೆ. ಬಲಹೀನ ಗಂಟಲಿಗೆ ಈ ಎರಡನ್ನು ಒಟ್ಟಿಗೆ ನಿಭಾಯಿಸುವುದೇ ಕಷ್ಟ. ಅಗುಳು ಉಳಿಯದಂತೆ ಮಿಕ್ಸಿಯಲ್ಲಿ ರುಬ್ಬಿ ಒಂದೇ ಹದಕ್ಕೆ ತಂದರೆ ಆ ತೊಂದರೆ ಕಡಿಮೆ.

ಅಕ್ಕಿ ಹಿಟ್ಟು, ಕಾರ್ನ್‌ಫ್ಲೋರ್‌ಗೆ ಇನ್ನೊಂದು ಗುಣ ಉಂಟು. ಎಂಜಲು ಚಮಚ ಹಾಕಿಟ್ಟ ಕಸ್ಟರ್ಡ್ ಸ್ವಲ್ಪ ಹೊತ್ತಲ್ಲಿ ನೀರಾಗುವುದನ್ನು ನೋಡಿದ್ದೀರಲ್ಲ? ಎಂಜಲಿನ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಬಾಯಲ್ಲೂ ಅದೇ ಆಗುತ್ತದೆ. ಬ್ಯಾಕ್ಟೀರಿಯಾದ ಹುದುಗಿನಿಂದ ತಯಾರಾಗುವ ಕ್ಸಾಂಥನ್ ಗಮ್ ಹಾಗೆ ಒಡೆಯುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಹಲವು ಪುಡಿಗಳಲ್ಲಿ ಇರುವುದು ಅದೇ. ಆದರೆ ಹಸುಗೂಸಿನ ಹಾಲಿಗೆ ಇದನ್ನು ನೀವಾಗಿಯೇ ಬೆರೆಸಬೇಡಿ. ಇಂಥ ಒಂದು ಉತ್ಪನ್ನವನ್ನು ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಕೊಡಬಾರದೆಂದು 2011ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸಿತ್ತು.

ಜೆಲ್ಲಿ ವಿಷಯ ಬಂದರೆ ನಾವು ಪ್ಯಾಕೆಟ್ ತಿರುಗಿಸಿ ಜೆಲಾಟಿನ್ ಹಲಾಲೋ ಅಲ್ಲವೋ ಎಂದು ನೋಡುತ್ತೇವೆ. ನೋಡಬೇಕಾದದ್ದೇ. ರೋಗಿಯ ಮಟ್ಟಿಗೆ ಮಾತ್ರ ಹಲಾಲ್ ಜೆಲಾಟಿನ್ ಕೂಡ ಬಾಯಿಯ ಬಿಸಿಗೆ ಕರಗಿ ನೀರಾಗುತ್ತದೆ. ಐಸ್‌ಕ್ರೀಮೂ ಹಾಗೆಯೇ. ಕಡಲ ಪಾಚಿಯಿಂದ ಮಾಡುವ ನಮ್ಮ ಇಫ್ತಾರ್‌ನ ಚೈನಾ ಗ್ರಾಸ್ ಕರಗುವುದಿಲ್ಲ ನಿಜ, ಆದರೆ ತುಂಡಾಗಿ ಒಡೆಯುತ್ತದೆ. ಅದನ್ನೂ ಕೇಳದೆ ಕೊಡುವುದು ಬೇಡ.

ಎಷ್ಟು ದಪ್ಪ ಬೇಕು ಎಂದು ಹೇಳಬೇಕಾದವರು ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್. ಪಾನೀಯಗಳಿಗೆ 0ಯಿಂದ 4ರವರೆಗಿನ ಅಂತಾರಾಷ್ಟ್ರೀಯ ಅಳತೆ ಇದೆ. ಸೂಜಿ ಇಲ್ಲದ ಸಿರಿಂಜಿಗೆ 10 ಮಿ.ಲೀ. ತುಂಬಿ, 10 ಸೆಕೆಂಡ್ ಹರಿಯಬಿಟ್ಟು, ಉಳಿದದ್ದೆಷ್ಟು ಎಂದು ನೋಡುತ್ತಾರೆ. ಸರಿಯಾದ ಸಿರಿಂಜ್ ಯಾವುದೆಂದು ಕೇಳಿಕೊಂಡರೆ ಮನೆಯಲ್ಲೂ ಮಾಡಬಹುದು. ಕುಡಿಸುವಾಗ ನೆಟ್ಟಗೆ ಕೂರಿಸಿ, ಕೂಡಲೇ ಮಲಗಿಸಬೇಡಿ.

ದಪ್ಪ ಮಾಡಿದ ನೀರು ಯಾರಿಗೂ ರುಚಿಸದು, ಮಾರಾಯ್ರೇ. 'ಸಾಕು' ಎಂದು ದೂಡಿಬಿಡುತ್ತಾರೆ, ಮೈಯಲ್ಲಿ ನೀರು ಬತ್ತುತ್ತದೆ. ಬಾಯಿ ಒಣಗಿದೆಯೇ, ಮೂತ್ರ ಗಾಢ ಹಳದಿಯೇ ಎಂದು ಗಮನಿಸುತ್ತಿರಿ. ಸ್ಟ್ರೋಕ್ ಆದ ಹಲವರ ನುಂಗುವ ಶಕ್ತಿ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಹಾಗಾಗಿ ಡಿಸ್ಚಾರ್ಜ್ ದಿನದ ಚೀಟಿಯನ್ನೇ ಹಿಡಿದು ಕೂರಬೇಡಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ.