ಬಾಣಂತಿ ಖೋಲಿಗೊಂದು ಹೀಟರ್

ಅಥಣಿ ಕಡೆ ಬಾಣಂತಿ ಖೋಲಿ ಎಂದರೆ ಥಂಡಿ ಹೊಸ್ತಿಲು ದಾಟಬಾರದ ಜಾಗ. ಕಿಟಕಿಗೆ ಹಳೆ ಸೀರೆ, ಬಾಗಿಲ ಸಂದಿಗೆ ಗೋಣಿಚೀಲ, ಹೊರಸಿನ ಕೆಳಗೆ ಶೇಗಡಿಯಲ್ಲಿ ನಿಗಿನಿಗಿ ಕೆಂಡ. ಕಳೆದ ಡಿಸೆಂಬರಿನಲ್ಲಿ ತಂಗಿ ಬಾಣಂತನಕ್ಕೆ ಬಂದಾಗ ನಮ್ಮವ್ವನೂ ಇದನ್ನೇ ಹೂಡಿದಳು. ಬಾಗಿಲು ಒಂಚೂರು ತೆರೆದಿಡೋಣವೆಂದರೆ “ಬ್ಯಾಡೋ ಯಪ್ಪಾ, ಕೂಸಿಗಿ ಥಂಡಿ ಹತ್ತತೈತಿ” ಎಂದು ಮತ್ತೆ ಮುಚ್ಚಿದಳು.

ನನಗೆ ಮಾತ್ರ ಹಿಂದಿನ ತಿಂಗಳ ಸುದ್ದಿ ಮರೆಯಲಾಗಿರಲಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಉಸಿರುಕಟ್ಟಿ ತೀರಿಕೊಂಡಿದ್ದರು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಭಾರ, ವಾಕರಿಕೆ, ಮಂಪರು ಬರುತ್ತವೆ. ಬಾಣಂತಿಗೆ ಇವೆಲ್ಲ ಇದ್ದದ್ದೇ ಎಂದು ಯಾರೂ ಗಮನಿಸುವುದಿಲ್ಲ. ಪಕ್ಕದಲ್ಲಿ ಬಕೆಟ್ ನೀರಿಟ್ಟರೆ ಆ ವಿಷ ಹೀರಿಕೊಳ್ಳುತ್ತದೆ ಎಂಬ ನಂಬಿಕೆ ಪೂರ್ತಿ ತಪ್ಪು.

“ನಿಮ್ಮನ್ನೆಲ್ಲಾ ಹಿಂಗ ಬೆಳಸೇನಲ್ಲ?” ಎಂದಳು ಅವ್ವ. ಬೆಳೆಸಿದ್ದು ನಿಜ. ಆದರೆ ಆಗ ನಾವಿದ್ದದ್ದು ಮಾಳಿಗೆ ಮನೆಯಲ್ಲಿ. ನೆತ್ತಿಯ ಮೇಲೆ ಬೆಳಕಿಂಡಿ ಇತ್ತು, ಕಟ್ಟಿಗೆಯ ಬಾಗಿಲಲ್ಲಿ ಬೆರಳು ತೂರುವಷ್ಟು ಸಂದಿಗಳಿದ್ದವು. ಈಗಿರುವುದು ಸ್ಲ್ಯಾಬಿನ ಖೋಲಿ, ಜರುಗಿಸುವ ಗಾಜಿನ ಕಿಟಕಿ. ಮುಚ್ಚಿದರೆ ಡಬ್ಬಿಯೇ. ಶೇಗಡಿ ಹಳೆಯದೇ ಇದೆ, ಬದಲಾದದ್ದು ಮನೆ. ಈ ಮಾತು ಅವ್ವನಿಗೆ ಹಿಡಿಸಿತು. ಶೇಗಡಿ ಅಂಗಳಕ್ಕೆ ಹೋಯಿತು, ನಾನು ಪೇಟೆಗೆ ಹೋದೆ.

ಅಂಗಡಿಯಲ್ಲಿ ಮೊದಲು ತಿಳಿದಿರಬೇಕಾದದ್ದು, ಸಾವಿರ ವ್ಯಾಟಿನ ಹೀಟರ್ ಸಾವಿರ ರೂಪಾಯಿಯದ್ದಾದರೂ ಹತ್ತು ಸಾವಿರದ್ದಾದರೂ ಕೊಡುವ ಶಾಖ ಅಷ್ಟೇ. ಹೆಚ್ಚಿನ ಹಣ ಹೋಗುವುದು ಸುರಕ್ಷತೆಗೆ ಮತ್ತು ಅನುಕೂಲಕ್ಕೆ. ಕೆಂಪಗೆ ಕಾಯುವ ರಾಡಿನ ಹೀಟರ್ ಅಗ್ಗ. ಎದುರಿಗೆ ಕೂತವರನ್ನು ಕೂಡಲೇ ಬೆಚ್ಚಗಾಗಿಸುತ್ತದೆ, ಕೋಣೆಯನ್ನಲ್ಲ. ಬೆಳಗಿನ ಜಾವ ಎದ್ದು ಕೂರುವ ಅಜ್ಜನಿಗೆ ಅದು ಸಾಕು. ಕೂಸಿರುವ ಖೋಲಿಗೆ ನಾನು ತಂದದ್ದು ಎಣ್ಣೆ ತುಂಬಿದ ರೇಡಿಯೇಟರ್. ಬಿಸಿಯಾಗಲು ಅರ್ಧ ಗಂಟೆ ಬೇಕು, ಆದರೆ ಉರಿಯುವ ತಂತಿ ಕಣ್ಣಿಗೆ ಬೀಳುವುದಿಲ್ಲ, ಸದ್ದಿಲ್ಲ, ಶಾಖ ಮಟ್ಟಕ್ಕೆ ಬಂದಾಗ ತಾನೇ ನಿಲ್ಲುತ್ತದೆ. ಯಾವುದೇ ಕೊಳ್ಳಿ, ಐಎಸ್‌ಐ ಗುರುತು ಇರಲಿ, ಉರುಳಿ ಬಿದ್ದರೆ ಆಫ್ ಆಗುವ ಸ್ವಿಚ್ ಇರಲಿ. ಆ ಸ್ವಿಚ್ಚನ್ನು ಅಂಗಡಿಯಲ್ಲೇ ವಾಲಿಸಿ ನೋಡಿ.

ನಿಜವಾದ ಪರೀಕ್ಷೆ ಮನೆಯ ಬೋರ್ಡಿನದು. 2000 ವ್ಯಾಟ್ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ 6 ಆಂಪಿಯರಿನದು. ಹೀಟರಿಗೆ 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು, ಸರಿಯಾದ ಅರ್ಥಿಂಗ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಕೂಡದೇ ಕೂಡದು. ಮೊದಲ ದಿನ ಅರ್ಧ ಗಂಟೆ ಉರಿಸಿ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತೆ. ಅದರ ಮೈ ಮುಟ್ಟಿದರೆ ಚುರ್ರೆಂದಿತು, ಸಾಕೆಟ್ಟಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿತ್ತು. ಒಳಗಿನ ಹಿತ್ತಾಳೆ ಹಿಡಿ ಸಡಿಲಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬದಲಿಸಿ, ಮೀಟರ್ ಪಕ್ಕ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದ. ಮನುಷ್ಯನಿಗೆ ಶಾಕ್ ಹೊಡೆದಾಗ ಕರೆಂಟ್ ಕಡಿಯುವುದು ಅದು; ಫ್ಯೂಜ್ ಅಲ್ಲ.

ಖರ್ಚಿನ ಮಾತು. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 90, ಎರಡು ಸಾವಿರದ್ದಾದರೆ 180. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ತಲೆಗೇ. ಅದರೊಳಗಿದ್ದರೂ ನಮ್ಮ ಮನೆಗೆ ಗೊತ್ತುಮಾಡಿದ ಮಿತಿಗಿಂತ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು. ಹೆಸ್ಕಾಂ ಬಿಲ್ಲನ್ನು ಎದುರಿಗಿಟ್ಟುಕೊಂಡೇ ವ್ಯಾಟ್ ಆರಿಸಿಕೊಳ್ಳಿ. ತೋಟದ ಮನೆಯವರಿಗೆ ಇನ್ನೊಂದು ಮಾತು. ವೋಲ್ಟೇಜ್ 180ಕ್ಕೆ ಇಳಿದಾಗ ಸಾವಿರ ವ್ಯಾಟಿನ ಹೀಟರ್ ಕೊಡುವುದು ಆರುನೂರರಷ್ಟು ಮಾತ್ರ. ಸಾಲುತ್ತಿಲ್ಲವೆಂದು ಇನ್ನೂ ದೊಡ್ಡದನ್ನು ತಂದು ಹಳೆ ವೈರಿಗೆ ಹಚ್ಚಬೇಡಿ.

ನಮ್ಮಲ್ಲಿ ಚಳಿ ಕಚ್ಚುವುದು ಡಿಸೆಂಬರ್, ಜನವರಿಯ ಕೆಲವು ವಾರ. ಹಾಗಾಗಿ ಮೊದಲ ಹೀಟರ್ ಕೌದಿಯೇ, ಅದರ ಮೇಲೊಂದು ಕಂಬಳಿ. ರಾತ್ರಿ ಮಲಗುವ ಮುನ್ನ ಒಂದು ತಾಸು ಖೋಲಿ ಕಾಯಿಸಿ ಆಫ್ ಮಾಡುತ್ತಿದ್ದೆವು, ನಸುಕಿನಲ್ಲಿ ಮತ್ತೊಂದು ತಾಸು. ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಲು ಅವ್ವ ಕೊನೆಗೂ ಒಪ್ಪಿದಳು. ಒಂದು ದಿನ ಮಾತ್ರ ಅವಳು ಕೂಸಿನ ಹಸಿ ಕುಂಚಿಗೆಯನ್ನು ರೇಡಿಯೇಟರ್ ಮೇಲೆ ಹರವಿದ್ದಳು. ತೆಗೆದೆ. ಬಟ್ಟೆ, ಹಾಸಿಗೆ, ತೊಟ್ಟಿಲು ಎಲ್ಲವೂ ಹೀಟರಿನಿಂದ ಕನಿಷ್ಠ ಮೂರು ಅಡಿ ದೂರ ಇರಬೇಕು.

ಜನವರಿ ಕೊನೆಗೆ ತಂಗಿ ತೊಟ್ಟಿಲು ಹೊತ್ತು ಗಂಡನ ಮನೆಗೆ ಹೋದಳು. ಮರುದಿನವೇ ಹಿಂದಿನ ಓಣಿಯಿಂದ ಕರೆ ಬಂತು, ಅಲ್ಲೂ ಬಾಣಂತಿ. ಅವ್ವ ಹೀಟರನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗಿಟ್ಟು, “ಹಚ್ಚೂಕಿಂತ ಮೊದಲ ಅವರ ಬೋರ್ಡ್ ನೋಡಿ ಬಾ” ಎಂದಳು.