ಕೈಗಾದ ತುರ್ತು ಯೋಜನೆ ಮತ್ತು ತದಡಿಯ ವ್ಯಾಪಾರ

ಅಘನಾಶಿನಿ ನದಿಯು ಸಮುದ್ರ ಸೇರುವ ತದಡಿಯಲ್ಲಿ ಮೀನುಗಾರಿಕೆಯೇ ವ್ಯಾಪಾರದ ಬೆನ್ನೆಲುಬು. ದೋಣಿ ಮಾಲೀಕರು, ಮಂಜುಗಡ್ಡೆ ತಯಾರಕರು, ಸಾಗಾಣಿಕೆದಾರರು, ಅಳಿವೆಯಲ್ಲಿ ಬಳಚು ಆಯುವ ಕುಟುಂಬಗಳು ಎಲ್ಲರ ಲೆಕ್ಕವೂ ದಿನದ ದರವನ್ನೇ ಅವಲಂಬಿಸಿದೆ. ಇಲ್ಲಿಂದ ಉತ್ತರಕ್ಕೆ, ನೇರ ಅಂತರದಲ್ಲಿ ಸುಮಾರು 40 ಕಿ.ಮೀ. ದೂರದಲ್ಲಿ, ಕಾಳಿ ನದಿಯ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಅಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ತಲಾ 700 ಮೆಗಾವ್ಯಾಟ್‌ನ ಇನ್ನೆರಡಕ್ಕೆ 2019ರಲ್ಲಿ ಪರಿಸರ ಅನುಮತಿ ದೊರೆತಿದೆ. ಸ್ಥಾವರವು ಬೆಳೆಯುವಾಗ ತುರ್ತು ಯೋಜನೆಯ ಮರುಪರಿಶೀಲನೆಯೂ ಅನಿವಾರ್ಯ. ಅದರಲ್ಲಿ ವ್ಯಾಪಾರಕ್ಕೆ ಯಾವ ಸ್ಥಾನವಿರಬೇಕೆಂಬುದನ್ನು ವರ್ತಕರು ಈಗಲೇ ಆಲೋಚಿಸುವುದು ಲೇಸು.

ಯೋಜನೆಯ ಸ್ವರೂಪ

ಅವಘಡದ ಪರಿಣಾಮವು ಸ್ಥಾವರದ ಆವರಣದೊಳಗೇ ಉಳಿದರೆ ಅದನ್ನು ನಿಭಾಯಿಸುವ ಹೊಣೆ ಸ್ಥಾವರದ ಆಡಳಿತದ್ದು. ಅದು ಹೊರಕ್ಕೆ ಹಬ್ಬಿದರೆ ಹೊಣೆ ಜಿಲ್ಲಾಡಳಿತದ್ದು. ಜಿಲ್ಲಾಧಿಕಾರಿಗಳೇ ಕಾರ್ಯಾಚರಣೆಯ ಮುಖ್ಯಸ್ಥರು. ಸ್ಥಾವರದ ಸುತ್ತ 16 ಕಿ.ಮೀ. ತ್ರಿಜ್ಯದ ಪ್ರದೇಶಕ್ಕೆ ಆಶ್ರಯ, ಅಯೋಡಿನ್ ಮಾತ್ರೆ, ಸ್ಥಳಾಂತರ ಮೊದಲಾದ ಕ್ರಮಗಳನ್ನು ಮುಂಚಿತವಾಗಿ ರೂಪಿಸಲಾಗಿರುತ್ತದೆ. ಕೈಗಾದಲ್ಲಿ ಇಂತಹ ಬಾಹ್ಯ ತುರ್ತು ಸ್ಥಿತಿ ಘೋಷಣೆಯಾದದ್ದಿಲ್ಲ ಎಂಬುದು ಸಮಾಧಾನದ ಸಂಗತಿ.

2011ರ ಮಾರ್ಚ್ 11ರ ಫುಕುಶಿಮಾ ದುರಂತದ ನಂತರ ದೇಶದ ಎಲ್ಲ ಅಣು ಸ್ಥಾವರಗಳ ಸುರಕ್ಷತೆಯ ಪರಿಶೀಲನೆ ನಡೆಯಿತು. ಬಾಹ್ಯ ತುರ್ತು ಸ್ಥಿತಿಗೆ ಸಿದ್ಧತೆ ಸಾಲದೆಂಬುದನ್ನು ಅಣಕು ಕಾರ್ಯಾಚರಣೆಗಳೇ ತೋರಿಸಿಕೊಟ್ಟಿವೆ ಎಂದು 2012ರಲ್ಲಿ ಮಹಾಲೇಖಪಾಲರ ವರದಿಯು ಎಚ್ಚರಿಸಿತು.

ವೃತ್ತದ ಹೊರಗಿನ ನಷ್ಟ

ತದಡಿಯು 16 ಕಿ.ಮೀ. ವೃತ್ತದ ಹೊರಗಿದೆ. ಕಾಳಿಯ ನೀರು ಕಾರವಾರದಲ್ಲಿ ಸಮುದ್ರ ಸೇರುತ್ತದೆಯೇ ಹೊರತು ಅಘನಾಶಿನಿಗೆ ಬರುವುದಿಲ್ಲ. ಆದರೆ ಮಾರುಕಟ್ಟೆಯು ನಕ್ಷೆಯನ್ನು ನೋಡಿ ದರ ಕಟ್ಟುವುದಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾವು ಜಪಾನಿನ ಎಂಟು ಪ್ರಾಂತಗಳ ಎಲ್ಲ ಮೀನಿನ ಆಮದನ್ನೂ ನಿಷೇಧಿಸಿತು. ಅವುಗಳಲ್ಲೊಂದಾದ ಅವೊಮೊರಿಯು ಫುಕುಶಿಮಾ ಸ್ಥಾವರದಿಂದ 300 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಇದು ತದಡಿಯ ವರ್ತಕರು ಗಮನಿಸಬೇಕಾದ ಪಾಠ.

ವಿಮೆ ಮತ್ತು ಪರಿಹಾರ

ಸಾಮಾನ್ಯ ಅಗ್ನಿ ವಿಮಾ ಪಾಲಿಸಿಗಳು ವಿಕಿರಣದಿಂದಾದ ನಷ್ಟವನ್ನು ಹೊರಗಿಟ್ಟಿರುತ್ತವೆ. 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಯು ಪರಿಸರಕ್ಕೆ ಗಣನೀಯ ಧಕ್ಕೆಯಾದಾಗ ಅದನ್ನು ನೆಚ್ಚಿದವರ ಆದಾಯ ನಷ್ಟವನ್ನೂ ಹಾನಿಯೆಂದು ಪರಿಗಣಿಸಿತ್ತು. ಮೀನು ಶುದ್ಧವಿದ್ದೂ ಗ್ರಾಹಕರ ಭಯದಿಂದಾದ ನಷ್ಟಕ್ಕೆ ಆ ವ್ಯಾಖ್ಯೆಯಲ್ಲಿ ಸ್ಪಷ್ಟ ಆಸರೆಯಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಯಾವುದಾದರೂ, ತನ್ನ ನಷ್ಟವನ್ನು ಲೆಕ್ಕಪತ್ರದಿಂದ ತೋರಿಸಬೇಕಾದವನು ಹಕ್ಕುದಾರನೇ. ತಾಜಾ ಮೀನಿಗೆ ಜಿಎಸ್‌ಟಿ ಇಲ್ಲದಿರುವುದರಿಂದ ಅದನ್ನಷ್ಟೇ ಮಾರುವವರಲ್ಲಿ ರಿಟರ್ನ್‌ನ ದಾಖಲೆಯೂ ಇರುವುದಿಲ್ಲ. ತೆರಿಗೆಯ ವಿನಾಯಿತಿಯನ್ನು ಲೆಕ್ಕದ ವಿನಾಯಿತಿಯೆಂದು ಭಾವಿಸಿದವರಿಗೆ ಆಪತ್ಕಾಲದಲ್ಲಿ ಕೈಯಲ್ಲೇನೂ ಉಳಿಯದು.

ಕೈಗೊಳ್ಳಬೇಕಾದ ಕ್ರಮಗಳು

1. ಹರಾಜು ಚೀಟಿ, ದಿನದ ಮಾರಾಟ ಮತ್ತು ದಾಸ್ತಾನಿನ ಪುಸ್ತಕವನ್ನು ಇಟ್ಟು, ಹಣವನ್ನು ಸಾಧ್ಯವಾದಷ್ಟು ಬ್ಯಾಂಕಿನ ಮೂಲಕವೇ ಪಡೆಯಬೇಕು. ಪ್ರತಿಗಳನ್ನು ಬೇರೆ ಊರಿನಲ್ಲಿ ಇಡುವುದು ಕ್ಷೇಮ.

2. ವಿಮಾ ಪಾಲಿಸಿಯ ಹೊರಗಿಡುವ ಷರತ್ತುಗಳನ್ನು ನವೀಕರಣಕ್ಕೆ ಮುನ್ನ ಓದಬೇಕು.

3. ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸಾಮಾನ್ಯವಾಗಿ 30 ಕಿ.ಮೀ. ವ್ಯಾಪ್ತಿಯ ನೀರು, ಮೀನು ಮೊದಲಾದವನ್ನು ಪರೀಕ್ಷಿಸುತ್ತದೆ. ತದಡಿಯ ಮೀನು, ಬಳಚುಗಳನ್ನೂ ನಿಯತವಾಗಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುವಂತೆ ವರ್ತಕರ ಸಂಘಗಳು ಜಿಲ್ಲಾಡಳಿತವನ್ನು ಕೋರಬೇಕು. ಶಾಂತಿಕಾಲದ ಅಂಕಿಅಂಶವಿದ್ದರೆ ಮಾತ್ರ ವದಂತಿಯ ದಿನ ಅದಕ್ಕೆ ಉತ್ತರವಿರುತ್ತದೆ.

4. ಬಾಹ್ಯ ತುರ್ತು ಯೋಜನೆಯ ಪರಿಶೀಲನೆಯಲ್ಲಿ ಮೀನು ಮಾರಾಟಗಾರರ ಹಾಗೂ ಸಾಗಾಣಿಕೆದಾರರ ಪ್ರತಿನಿಧಿಗಳಿಗೆ ಸ್ಥಾನ ಕೇಳಬೇಕು.

ಜನರ ಪ್ರಾಣರಕ್ಷಣೆಯೇ ತುರ್ತು ಯೋಜನೆಯ ಮೊದಲ ಗುರಿ. ಅದರಲ್ಲಿ ಎರಡು ಮಾತಿಲ್ಲ. ಬದುಕುಳಿದವರ ಜೀವನೋಪಾಯವೂ ಉಳಿದಾಗಲೇ ಆ ಯೋಜನೆ ಪೂರ್ಣವಾಗುತ್ತದೆ.