ಕೆಟ್ಟು ಹುಟ್ಟಿದ ಮಿಕ್ಸಿ

ಭಾರತದ ಮಿಕ್ಸಿ ಹುಟ್ಟಿದ್ದು ರಿಪೇರಿಯಾಗದ ಒಂದು ಮಿಕ್ಸರಿನಿಂದ. 1960ರ ದಶಕದ ಆರಂಭದಲ್ಲಿ, ಸೀಮೆನ್ಸ್ ಕಂಪನಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮುಂಬೈ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಒಂದಿತ್ತು. ಪತ್ನಿ ಮಾಧುರಿ ಅದಕ್ಕೆ ನಮ್ಮ ಅಡುಗೆಯ ಕೆಲಸ ಹಚ್ಚಿದರು, ಮೋಟಾರು ಸುಟ್ಟುಹೋಯಿತು. ವಿದೇಶಿ ವಿನಿಮಯಕ್ಕೆ ಬರ, ಆಮದಿಗೆ ಲೈಸೆನ್ಸು ಬೇಕಾದ ಕಾಲವದು. ಬಿಡಿಭಾಗವೂ ಇಲ್ಲ, ಅದನ್ನು ಬಿಚ್ಚಿ ಸರಿಮಾಡುವವರೂ ಇಲ್ಲ. ಗಂಡ ಎಂಜಿನಿಯರಾಗಿದ್ದೂ ಮನೆಯ ಮಿಕ್ಸರ್ ಕೆಟ್ಟು ಕೂತಿರುವುದನ್ನು ಮಾಧುರಿ ಸಹಿಸಲಿಲ್ಲ ಎನ್ನುತ್ತದೆ ಮತ್ತೆ ಮತ್ತೆ ಹೇಳಲಾಗುವ ಈ ಕಥೆ. ಮಾಥುರ್ ಹಳೆಯದನ್ನು ರಿಪೇರಿ ಮಾಡುವ ಬದಲು ಹೊಸದನ್ನೇ ಮಾಡಲು ಕುಳಿತರು. 1963ರಲ್ಲಿ 'ಪವರ್ ಕಂಟ್ರೋಲ್ ಅಂಡ್ ಅಪ್ಲಯನ್ಸಸ್' ಎಂಬ ಕಂಪನಿ ಶುರುವಾಯಿತು. ಅದರ ಮಿಕ್ಸಿಗೆ ಇಟ್ಟ ಹೆಸರು ಸುಮೀತ್, ಅಂದರೆ ಒಳ್ಳೆಯ ಗೆಳೆಯ.

ಬ್ರೌನ್ ಯಂತ್ರ ಕಳಪೆಯದೇನಲ್ಲ. ಹಣ್ಣು, ಹಾಲಿನ ಕೆನೆ, ಕೇಕಿನ ಹಿಟ್ಟು ಕಲಸುವುದಕ್ಕೆ ಮಾಡಿದ ಯಂತ್ರಕ್ಕೆ ಇಲ್ಲಿ ಸಿಕ್ಕಿದ್ದು ಒಣಕೊಬ್ಬರಿ, ಅರಿಸಿನದ ಕೊಂಬು, ನೆನೆಸಿದ ಉದ್ದಿನಬೇಳೆ. ಮಿಕ್ಸಿಯಲ್ಲಿರುವುದು ಯೂನಿವರ್ಸಲ್ ಮೋಟಾರು. ಖಾಲಿ ಓಡುವಾಗ ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುವ ಇದು ಭಾರ ಬಿದ್ದಂತೆ ನಿಧಾನವಾಗುತ್ತದೆ, ನಿಧಾನವಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ. ಅದನ್ನು ತಣಿಸುವ ಪುಟ್ಟ ಫ್ಯಾನು ಕೂತಿರುವುದೂ ಅದೇ ಶಾಫ್ಟಿನ ಮೇಲೆ. ಚಟ್ನಿ ಗಟ್ಟಿಯಾಗಿ ಬ್ಲೇಡು ತಡವರಿಸುವ ಹೊತ್ತಿಗೆ, ಅಂದರೆ ಗಾಳಿ ಹೆಚ್ಚು ಬೇಕಾದ ಹೊತ್ತಿಗೇ, ಫ್ಯಾನಿನ ಗಾಳಿಯೂ ಕಡಿಮೆಯಾಗುತ್ತದೆ. ನೀರು ಹಾಕದೆ ಕಾಯಿ ರುಬ್ಬಲು ಹೋದವರಿಗೆಲ್ಲ ಆಗ ಏಳುವ ವಾಸನೆ ಗೊತ್ತು. ಮಾಥುರ್ ಮಾಡಿದ್ದು ಈ ಹೊರೆಯನ್ನು ಲೆಕ್ಕಕ್ಕಿಟ್ಟುಕೊಂಡ, ಹೆಚ್ಚು ಶಕ್ತಿಯ ಮೋಟಾರು.

ದಕ್ಷಿಣದ ಅಡುಗೆಮನೆಗಳು ಅದನ್ನು ಬರಮಾಡಿಕೊಂಡ ಬಗೆ ಎಲ್ಲರಿಗೂ ತಿಳಿದದ್ದೇ. ದೋಸೆ ಹಿಟ್ಟಿನ ವಿಷಯದಲ್ಲಿ ಒರಳುಕಲ್ಲು ಕೆಲಕಾಲ ಜಗ್ಗಲಿಲ್ಲ. ಆಮೇಲೆ ಅದು ಕೊಯಮತ್ತೂರಿನ ಗ್ರೈಂಡರಿಗೆ ಸೋತಿತು. ಆದರೆ ದಿನದ ಚಟ್ನಿ, ಹುಳಿಗೆ ಹಾಕುವ ಮಸಾಲೆ, ಸಾರಿನ ಪುಡಿ ಮಿಕ್ಸಿಯ ಪಾಲಾದವು. ಅಮೆರಿಕಕ್ಕೆ ಹೊರಟ ಕನ್ನಡಿಗರ ಸೂಟ್‌ಕೇಸಿನಲ್ಲಿ ಅಲ್ಲಿಯ ಕರೆಂಟಿಗೆ ಹೊಂದುವ 110 ವೋಲ್ಟಿನ ಮಿಕ್ಸಿ ಸೀರೆಗಳ ನಡುವೆ ಸುತ್ತಿಕೊಂಡು ಹೋಯಿತು.

ಆ ಪೀಳಿಗೆಯ ಮಿಕ್ಸಿಯ ಹೆಚ್ಚುಗಾರಿಕೆ ಎಂದೂ ಕೆಡದಿರುವುದಲ್ಲ. ಅದು ಕೆಡುತ್ತಿತ್ತು, ಆದರೆ ಒಂದು ಕ್ರಮದಲ್ಲಿ ಕೆಡುತ್ತಿತ್ತು. ಮೊದಲು ಹೋಗುವುದು ಕಪ್ಲರ್. ಜಾರಿನ ಬುಡಕ್ಕೂ ಮೋಟಾರಿನ ತಲೆಗೂ ನಡುವೆ ಕೂರುವ, ಹಲ್ಲುಹಲ್ಲಿನ ರಬ್ಬರು ಅಥವಾ ನೈಲಾನಿನ ಈ ತುಂಡು ಬೇಕೆಂದೇ ಮೆತ್ತಗಿರುತ್ತದೆ. ಬ್ಲೇಡು ಸಿಕ್ಕಿಕೊಂಡರೆ ಮೋಟಾರಿನ ಬದಲು ತನ್ನ ಹಲ್ಲು ಉದುರಿಸಿಕೊಳ್ಳುವುದೇ ಅದರ ಕೆಲಸ. ಬದಲಾಯಿಸುವುದೂ ಸುಲಭ: ಮಿಕ್ಸಿಯನ್ನು ಮಲಗಿಸಿ, ತಳದಲ್ಲಿ ಕಾಣುವ ಶಾಫ್ಟಿನ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದು, ಮೇಲಿನ ಕಪ್ಲರನ್ನು ಮೋಟಾರು ಓಡುವ ದಿಕ್ಕಿಗೇ ತಿರುಗಿಸಬೇಕು. ಎಲ್ಲ ಸ್ಕ್ರೂಗಳಂತೆ ಇದೂ ಇದ್ದೀತೆಂದು ಎದುರು ದಿಕ್ಕಿಗೆ ತಿರುಗಿಸಿ ಇನ್ನಷ್ಟು ಬಿಗಿ ಮಾಡಿಟ್ಟ ಗಂಡಸರು ಮನೆಗೊಬ್ಬರಿದ್ದಾರೆ.

ಕಪ್ಲರಿನ ನಂತರದ ಸರದಿ ಕಾರ್ಬನ್ ಬ್ರಷ್ಷಿನದು. ತಿರುಗುವ ಆರ್ಮೆಚರಿಗೆ ಕರೆಂಟು ಮುಟ್ಟಿಸುವ ಈ ಎರಡು ಕರಿ ತುಂಡುಗಳು ಸ್ಪ್ರಿಂಗಿನ ಒತ್ತಡದಲ್ಲಿ ಉಜ್ಜಿ ಉಜ್ಜಿ ಸವೆಯುತ್ತವೆ. ಆಮೇಲೆ ಬುಷ್, ಜಾರಿನ ವಾಷರ್. ಎಲ್ಲಕ್ಕಿಂತ ಕೊನೆಗೆ ವೈಂಡಿಂಗ್. ಅದಕ್ಕೂ ಮದ್ದಿತ್ತು. ವೈಂಡಿಂಗ್ ಕಟ್ಟುವವರು ಸುಟ್ಟ ತಂತಿಯನ್ನು ಬಿಚ್ಚುತ್ತಾ ಸುತ್ತುಗಳನ್ನು ಎಣಿಸಿ, ಅದೇ ದಪ್ಪದ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸುತ್ತಿದ್ದರು. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದೆ, ಪಂಪ್‌ಸೆಟ್ಟಿನ ಮೋಟಾರುಗಳ ಸಾಲಿನಲ್ಲಿ, ಮೇಲೆ ಚೀಟಿ ಅಂಟಿಸಿಕೊಂಡ ನಾಲ್ಕಾರು ಮಿಕ್ಸಿಗಳೂ ಇರುತ್ತಿದ್ದವು. ಒಂದೇ ಮಿಕ್ಸಿ ಇಪ್ಪತ್ತೈದು ವರ್ಷ ಬಂತು ಎನ್ನುವವರು ಸಾಮಾನ್ಯವಾಗಿ ಎರಡು ವೈಂಡಿಂಗ್, ಐದಾರು ಕಪ್ಲರ್ ಕಂಡ ಮಿಕ್ಸಿಯ ಮಾತನಾಡುತ್ತಿರುತ್ತಾರೆ. ಹಳೆಯ ಸಾಮಾನಿನ ಬಾಳಿಕೆಯಲ್ಲಿ ಅರ್ಧ ಪಾಲು ಈ ಅಂಗಡಿಗಳದು. ಕಂಪನಿಗಳನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಈ ಏರ್ಪಾಡು ಸಡಿಲಗೊಂಡದ್ದು ಒಂದೇ ಏಟಿಗಲ್ಲ. 1978ರಲ್ಲಿ ಚೆನ್ನೈನಲ್ಲಿ ಪ್ರೀತಿ ಎಂಬ ಮಿಕ್ಸಿ ಕಂಪನಿ ಶುರುವಾಯಿತು. ಪೈಪೋಟಿಗೆ ಇನ್ನೂ ಹತ್ತಾರು ಹೆಸರುಗಳು ಬಂದವು. ಉದಾರೀಕರಣದ ನಂತರ ಮಿಕ್ಸಿ ಕೈಗೆಟುಕುವ ಸಾಮಾನಾಯಿತು. 2011ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಫ್ಯಾನು, ಗ್ರೈಂಡರಿನ ಜೊತೆಗೆ ಮನೆಮನೆಗೆ ಉಚಿತವಾಗಿ ಹಂಚಲು ಹೊರಟಿತು; ಅದೇ ವರ್ಷ ಪ್ರೀತಿಯನ್ನು ಫಿಲಿಪ್ಸ್ ಕೊಂಡುಕೊಂಡಿತು. ಮಿಕ್ಸಿ ಹೀಗೆ ಎಲ್ಲರ ಕೈಗೆಟುಕಿದ್ದು ಒಳ್ಳೆಯದೇ. ಒರಳಿನ ಮುಂದೆ ಕೂತು ರಟ್ಟೆ ಸೋತ ಯಾವ ಹೆಂಗಸೂ ಮಿಕ್ಸಿ ಅಗ್ಗವಾದದ್ದಕ್ಕೆ ಮರುಗಲಾರಳು.

ಅಗ್ಗ ಮಾಡಲು ಕತ್ತರಿ ಬಿದ್ದದ್ದೆಲ್ಲ ಕಣ್ಣಿಗೆ ಕಾಣದ ಕಡೆ. ಕಡಿಮೆ ಬೆಲೆಯ ಹಲವು ಮೋಟಾರುಗಳಲ್ಲಿ ತಾಮ್ರದ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಅದು ವಿದ್ಯುತ್ ಒಯ್ಯುವುದು ತಾಮ್ರದ ಶೇ 60ರಷ್ಟು ಮಾತ್ರ. ಅಷ್ಟೇ ಜಾಗದಲ್ಲಿ ಅಷ್ಟೇ ಕೆಲಸ ತೆಗೆದರೆ ಬಿಸಿ ಹೆಚ್ಚು. ಬಿಸಿ ಹೆಚ್ಚಿದರೆ ತಂತಿಯ ಮೇಲಿನ ಎನಾಮಲ್ ಲೇಪ ಬೇಗ ಸಾಯುತ್ತದೆ. ಅಲ್ಯೂಮಿನಿಯಂ ಮೇಲೆ ಕೂಡಲೇ ಕೂರುವ ಆಕ್ಸೈಡ್ ಪೊರೆಯಿಂದಾಗಿ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಹೀಗಾಗಿ ವೈಂಡಿಂಗ್ ಕಟ್ಟುವವರು ಅದನ್ನು ಕಂಡರೆ ಕೈಯಲ್ಲಾಡಿಸಿಬಿಡುತ್ತಾರೆ. ಸ್ಕ್ರೂಗಳ ಜಾಗಕ್ಕೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕೊಕ್ಕೆಗಳು ಬಂದವು. ಒಮ್ಮೆ ಬಿಚ್ಚಿದರೆ ಮುರಿದೇ ಬರುತ್ತವೆ. ವಾರಂಟಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಮಿಕ್ಸಿಗೆ ಎರಡು ವರ್ಷ, ಮೋಟಾರಿಗೆ ಐದು ವರ್ಷ ಎಂದಿರುತ್ತದೆ. ಅದು ಮುಗಿದ ಮೇಲೆ ಬಿಡಿ ಕಾಯಿಲ್ ಸಿಗುವುದಿಲ್ಲ, ಪೂರ್ತಿ ಮೋಟಾರನ್ನೇ ಕೊಳ್ಳಬೇಕು. ಆ ಬೆಲೆಗೆ ಇನ್ನಷ್ಟು ಸೇರಿಸಿದರೆ ಮೂರು ಜಾರಿನ ಹೊಸ ಮಿಕ್ಸಿ. 'ಹೊಸದೇ ತಗೊಳ್ಳಿ ಸಾರ್' ಎನ್ನುವ ಅಂಗಡಿಯವನ ಲೆಕ್ಕ ತಪ್ಪಲ್ಲ. ಲೆಕ್ಕ ಹಾಗೇ ಬರುವಂತೆ ಬೆಲೆಗಳು ನಿಂತಿವೆ.

ವಾಷಿಂಗ್ ಮಷಿನ್ನಿನಲ್ಲಿ ಇದರ ದೊಡ್ಡ ರೂಪ ಕಾಣುತ್ತದೆ. ಅಲ್ಲಿ ಸವೆಯುವುದು ಡ್ರಮ್ಮಿನ ಬೇರಿಂಗ್, ಅಂಗೈಯಗಲದ ಉಕ್ಕಿನ ಬಳೆ. ಹೊರ ಟಬ್ಬಿನ ಎರಡು ಹೋಳುಗಳನ್ನು ಬೋಲ್ಟು ಹಾಕಿ ಜೋಡಿಸಿದ್ದರೆ ಅದನ್ನು ಬದಲಿಸಬಹುದು. ಈಗಿನ ಹಲವು ಮಾದರಿಗಳಲ್ಲಿ ಆ ಹೋಳುಗಳನ್ನು ಕರಗಿಸಿ ಅಂಟಿಸಿರುತ್ತಾರೆ. ಬೇರಿಂಗಿಗಾಗಿ ಇಡೀ ಟಬ್ಬು ಹೋಗುತ್ತದೆ, ಟಬ್ಬಿನ ಬೆಲೆ ಕೇಳಿದ ಮೇಲೆ ಮಷಿನ್ನೇ ಹೋಗುತ್ತದೆ.

ಬಾಳಿಕೆ ನಿಜಕ್ಕೂ ಇಳಿದಿದೆಯೇ ಅಥವಾ ಇದೆಲ್ಲ ಹಳಬರ ಹಳಹಳಿಕೆಯೇ ಎಂಬ ಜಗಳ ಹಳೆಯದು. ಬೇಗ ಕೆಟ್ಟ ಹಳೆಯ ಮಿಕ್ಸಿಗಳು ಎಂದೋ ಗುಜರಿ ಸೇರಿವೆ, ಉಳಿದ ಗಟ್ಟಿಗಳನ್ನಷ್ಟೇ ನೋಡಿ ಮಾತಾಡುತ್ತೇವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಜರ್ಮನಿಯ ಪರಿಸರ ಸಂಸ್ಥೆಗಾಗಿ ಓಕೋ ಇನ್‌ಸ್ಟಿಟ್ಯೂಟ್ ನಡೆಸಿದ ಅಧ್ಯಯನದ ಅಂಕಿಗಳು 2015ರಲ್ಲಿ ಹೊರಬಂದವು. ದೊಡ್ಡ ಗೃಹೋಪಕರಣಗಳ ಪೈಕಿ ಕೆಟ್ಟುಹೋದ ಕಾರಣಕ್ಕೆ ಐದು ವರ್ಷದೊಳಗೆ ಬದಲಾದವು 2004ರಲ್ಲಿ ಶೇ 3.5ರಷ್ಟಿದ್ದರೆ, 2012ರ ಹೊತ್ತಿಗೆ ಶೇ 8.3ಕ್ಕೆ ಏರಿದ್ದವು. ಸರಾಸರಿ ಬಳಕೆಯ ಅವಧಿ 14.1 ವರ್ಷದಿಂದ 13ಕ್ಕೆ ಇಳಿದಿತ್ತು. ಕಂಪನಿಗಳು ಬೇಕೆಂದೇ ಕೆಡುವ ಸಾಮಾನು ಮಾಡುತ್ತವೆ ಎಂಬುದಕ್ಕೆ ಮಾತ್ರ ಆ ಅಧ್ಯಯನದಲ್ಲಿ ಪುರಾವೆ ಸಿಗಲಿಲ್ಲ. ಬದಲಾಯಿಸಿದ ಉಪಕರಣಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇನ್ನೂ ಓಡುತ್ತಲೇ ಇದ್ದವು. ಅವುಗಳ ಮಟ್ಟಿಗೆ ಸವೆದದ್ದು ಕೊಂಡವರ ತಾಳ್ಮೆ ಎನ್ನಬೇಕು.

ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಗೃಹೋಪಕರಣಗಳೂ ಅದರ ವ್ಯಾಪ್ತಿಯಲ್ಲಿದ್ದವು. ಅದೇ ಡಿಸೆಂಬರಿನಲ್ಲಿ ಇದಕ್ಕಾಗಿ ಪೋರ್ಟಲ್ ಬಂತು. ಪೋರ್ಟಲ್ಲಿನಲ್ಲಿ ಮಾಹಿತಿ ಸಿಗುತ್ತದೆ, ಕಾಯಿಲ್ ಸಿಗುವುದಿಲ್ಲ. ಬೆಂಗಳೂರಿನಲ್ಲಿ 2015ರಿಂದ ರಿಪೇರ್ ಕೆಫೆ ನಡೆಯುತ್ತಿದೆ. ಕೆಟ್ಟ ಸಾಮಾನು ತಂದವರು ಬಲ್ಲವರ ಪಕ್ಕ ಕೂತು ತಾವೇ ಬಿಚ್ಚಿ ಸರಿಮಾಡಿಕೊಳ್ಳುವ ಈ ಪದ್ಧತಿ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲಾದದ್ದು.

ಸುಮೀತ್ ಈ ಹೊತ್ತಿಗೆ ಮಾರುಕಟ್ಟೆಯ ಮುಂಚೂಣಿಯಿಂದ ಸರಿದು ಬಹುಕಾಲವಾಗಿದೆ. ಬಿಡಿಭಾಗದ ಅಂಗಡಿಗಳಲ್ಲಿ ಮಾತ್ರ ಅದರ ಹೆಸರು ಅಳಿದಿಲ್ಲ. ಗೋಡೆಗೆ ಗೊಂಚಲಾಗಿ ನೇತುಹಾಕಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಯಾರೋ ಎಲ್ಲೋ ಮಾಡಿದ ಕಪ್ಲರುಗಳ ಮೇಲೆ, 'ಸುಮೀತ್ ಟೈಪ್' ಎಂದು ಇನ್ನೂ ಬರೆದಿರುತ್ತದೆ.